ಗಣಿಯ ಕಾವು

ಅಕ್ಕನ ಬಿಳುಪು ಹೋಗುವ ಕಾಯಿಲೆಗೆ ಗಣಿಯ ಕಾವೇ ಕಾರಣವೆಂದು ಮನೆಯಲ್ಲಿ ಈಗಲೂ ಹೇಳುತ್ತಾರೆ. ನಾನು ಆಗಲೂ ಒಪ್ಪಿರಲಿಲ್ಲ. ಭಾವ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಆಳದಲ್ಲಿ ದುಡಿಯುತ್ತಿದ್ದರು. ಆ ಕಾವು ಗಂಡನ ಮೈಯಿಂದ ಹೆಂಡತಿಗೆ ಇಳಿಯುತ್ತದಂತೆ. ಹಾಗಾದರೆ ಗಣಿ ಕಾರ್ಮಿಕರ ಸಾಲುಮನೆಗಳ ಹೆಂಗಸರಿಗೆಲ್ಲ ಏಕೆ ಬರಲಿಲ್ಲ? ಮಜ್ಜಿಗೆ, ಮೆಂತ್ಯದಲ್ಲಿ ನಾಲ್ಕು ತಿಂಗಳು ಕಳೆದರೂ ಹಳದಿ ಸ್ರಾವ, ದುರ್ವಾಸನೆ, ತುರಿಕೆ ನಿಲ್ಲಲಿಲ್ಲ.

"ವಾಸಿಯಾಗ್ದಿದ್ರೆ ತವರಿಗೆ ಓಗ್ಲಿ, ಮಗನಿಗೆ ಬೇರೆ ಎಣ್ಣು ನೋಡ್ತೀನಿ," ಎಂದರು ಅಕ್ಕನ ಅತ್ತೆ.

ನಾನೇ ಅಕ್ಕನನ್ನು ಬಂಗಾರಪೇಟೆಯ ಲೇಡಿ ಡಾಕ್ಟರ್ ಬಳಿ ಕರೆದೊಯ್ದೆ. ಅವರು ಪರೀಕ್ಷಿಸಿ, "ಇದು ಕಾವಲ್ಲ, ಸೋಂಕು. ಗಂಡನಿಗೂ ಇರಬಹುದು, ಅವರಿಗೆ ಗೊತ್ತೇ ಆಗಲ್ಲ. ಇಬ್ಬರೂ ಮಾತ್ರೆ ನುಂಗದಿದ್ದರೆ ಮತ್ತೆ ಬರುತ್ತೆ" ಎಂದು ಎರಡು ಪೊಟ್ಟಣ ಕೊಟ್ಟರು.

ಅಕ್ಕ ಗುಣವಾದಳು. ಮುಂದಿನ ತಿಂಗಳು ಮತ್ತೆ ಅದೇ ತುರಿಕೆ. ನಾನು ಹೋದಾಗ ಅತ್ತೆ ಅವಳ ಸೀರೆಗಳನ್ನು ಗಂಟು ಕಟ್ಟುತ್ತಿದ್ದರು. ಭಾವನ ಪೊಟ್ಟಣ ದೇವರ ಪಟದ ಹಿಂದೆ ಸಿಕ್ಕಿತು; ಅವರು ಬಿಚ್ಚಿಯೇ ಇರಲಿಲ್ಲ.

"ಗಂಡಸ್ರಿಗೆ ಈ ಕಾಯ್ಲೆ ಬರಲ್ಲ ಕಣಮ್ಮಾ. ನಿನ್ ಡಿಬೇಟು ಕಾಲೇಜಲ್ಲಿಟ್ಕೊ," ಎಂದು ಭಾವ ನಕ್ಕರು.

ಪೊಟ್ಟಣವನ್ನು ಅವರ ಮುಂದಿಟ್ಟೆ. "ಕಾವು ನಿಮ್ಮಿಂದ್ಲೇ ಬಂತು ಅಂತ ಎಲ್ರೂ ಒಪ್ತೀರಲ್ಲ ಭಾವ, ಸೋಂಕು ಮಾತ್ರ ನಿಮ್ಮಿಂದ ಯಾಕೆ ಬರಬಾರ್ದು?"