ಮೇಲೆ ಬರುವ ಕಾಲಿನ ಭಾರ

ಸೈಕಲ್ ತುಳಿಯಬೇಕೆಂಬ ಆಸೆ ನನಗೇನೂ ಇರಲಿಲ್ಲ. ಹಸು ಉಳಿಸಿಕೊಳ್ಳಬೇಕಿತ್ತು, ಅಷ್ಟೇ.

ನನ್ನ ಬಲಮಂಡಿ ಕೆಟ್ಟು ವರ್ಷಗಳಾದವು. ಕುಕ್ಕರುಗಾಲಿನಲ್ಲಿ ಕೂತರೆ ಏಳಲು ಗೋಡೆ ಬೇಕು. ಹಸುವಿನ ಪಕ್ಕ ಗೋಡೆ ಎಲ್ಲಿರುತ್ತದೆ? ಯಾರನ್ನಾದರೂ ಕೂಗಿ ಕೈ ಹಿಡಿಸಿಕೊಂಡು ಏಳುತ್ತಿದ್ದೆ. ಆ ಹಸುವೋ ನನ್ನನ್ನು ಬಿಟ್ಟು ಇನ್ನೊಬ್ಬರಿಗೆ ಕೆಚ್ಚಲು ಮುಟ್ಟಗೊಡುವುದಿಲ್ಲ. ಕೆ.ಆರ್. ಪೇಟೆಯಿಂದ ಕರುವಾಗಿದ್ದಾಗ ತಂದದ್ದು, ನಾನೇ ಸಾಕಿದ್ದು. ಸೊಸೆ ಒಂದು ಸಲ ಹಾಲು ಕರೆಯಲು ಕೂತಳು. ಪಾತ್ರೆ ಒಂದು ಕಡೆ ಬಿತ್ತು, ಅವಳು ಒಂದು ಕಡೆ ಬಿದ್ದಳು. ಆಮೇಲೆ ಅವಳು ಕೊಟ್ಟಿಗೆಯ ಕಡೆ ತಲೆ ಹಾಕಲಿಲ್ಲ. ನಾನೂ ಬಾ ಅನ್ನಲಿಲ್ಲ.

ಮಗ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಮನೆಗೆ ಬಂದರೆ ಅವನಿಗೆ ಬೇಕಾದದ್ದು ನಿದ್ದೆ. ನಾನು ಕೊಟ್ಟಿಗೆಯಿಂದ ಕೂಗಿದಾಗೆಲ್ಲ ಅರ್ಧ ನಿದ್ದೆಯಲ್ಲಿ ಎದ್ದು ಬರುತ್ತಿದ್ದ. ಒಂದು ದಿನ ನನ್ನನ್ನು ಎಬ್ಬಿಸಿ ನಿಲ್ಲಿಸಿ ಅಲ್ಲೇ ಹೇಳಿದ.

"ಮಾರ್ಬುಡವ ಕಣವ್ವ. ಅಕ್ಕಿಹೆಬ್ಬಾಳಿನೋನೊಬ್ಬ ಕೇಳ್ತಾವ್ನೆ. ನಿನ್ ಕೈಲಿ ಕೂರಕ್ಕಾಗಲ್ಲ, ಏಳಕ್ಕಾಗಲ್ಲ. ಯಾಕೆ ಬೇಕು ಇದು?"

"ಕಬ್ಬು ಕಟಾವು ಮುಗಿಯೋಗಂಟ ಸುಮ್ಕಿರ್ಲಾ."

"ಸರಿ. ಕಟಾವು ಮುಗುದ್ಮೇಲೆ ಅವ್ನು ನೋಡಕ್ಕೆ ಬತ್ತಾನೆ. ಅವತ್ತು ನೀನು ಆಲು ಕರ್ದು, ಯಾರ ಕೈನೂ ಇಡೀದೆ ಎದ್ರೆ ಅಸ ಇರ್ಲಿ. ಇಲ್ದಿದ್ರೆ ಒಡ್ಕೊಂಡೋಗ್ಲಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ಕೋಪ ಬಂತು.

ಪಾಂಡವಪುರದ ಡಾಕ್ಟರು ಆಪರೇಷನ್ ಈಗಲೇ ಬೇಡ, ತೊಡೆಗೆ ಬಲ ಬಂದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ, ಸೈಕಲ್ ತುಳಿಯಿರಿ ಅಂದರು. ಮೆಲ್ಲಗೆ ತುಳಿಯಿರಿ ಅಂತಲೂ ಅಂದರು. ಆ ಮಾತನ್ನು ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ನನ್ನ ಮೊಮ್ಮಗಳು, ಇದೇ ಮಗನ ಮಗಳು, ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ಆಟ ಕಲಿಸುವ ಟೀಚರು. ಕಾಲೇಜಿನಲ್ಲಿದ್ದಾಗ ಸೈಕಲ್ ರೇಸಿಗೆ ಹೋಗುತ್ತಿದ್ದಳು. ಈಗಲೂ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗಿ ಬರುತ್ತಾಳೆ. ಅವಳು ಹೊಸದು ತೆಗೆದುಕೊಂಡ ಮೇಲೆ ಹಳೆಯ ರೇಸ್ ಸೈಕಲ್ಲು ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಬಗ್ಗಿದ ಹ್ಯಾಂಡಲ್ಲು, ಬೆರಳು ದಪ್ಪದ ಟೈರು, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ. ಮೇವಿಲ್ಲದೆ ಬಡಕಲಾದ ಮೇಕೆಯ ಹಾಗಿತ್ತು. ಸೈಕಲ್ ಏರುವುದು ನನಗೆ ಹೊಸದಲ್ಲ. ಗಂಡನ ಕರೀ ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಇಟ್ಟು ತಳ್ಳಿಕೊಂಡು ಬಂದು, ಹೊರೆ ಇಳಿಸಿದ ಮೇಲೆ ಒಂದು ಸುತ್ತು ಹೊಡೆಯುತ್ತಿದ್ದೆ. ಆದರೆ ಗೇರಿನ ಸೈಕಲ್ ಮುಟ್ಟಿದ್ದು ಅದೇ ಮೊದಲು.

ಮೊಮ್ಮಗಳ ಹಳೆಯ ಟ್ರ್ಯಾಕ್ ಪ್ಯಾಂಟು ಹಾಕಿ, ಅದರ ಮೇಲೆ ನಾಟಿಗೆ ಇಳಿಯುವಾಗಿನ ಹಾಗೆ ಸೀರೆಯನ್ನು ಕಚ್ಚೆ ಕಟ್ಟಿ ಹೊರಟೆ. ಬೀಳುವ ಭಯಕ್ಕೆ ಸೀಟನ್ನು ಪೂರ್ತಿ ಕೆಳಕ್ಕೆ ಇಳಿಸಿಕೊಂಡಿದ್ದೆ. ಟೀ ಅಂಗಡಿಯವನು ನೋಡಿಬಿಟ್ಟ.

"ಏನಜ್ಜಿ, ಮೊಮ್ಮಗಳ ಮೇಲೆ ರೇಸಾ?"

"ನಿನ್ ಮೇಲೆ ಕಣ್ಲಾ. ಆ ಒಟ್ಟೆ ಇಳುಸ್ಕೊಂಡು ಬಾ, ನೋಡವ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ, ಉಸಿರಿರಲಿಲ್ಲ.

ನಾಲೆ ಏರಿಯ ಮೇಲೆ ದಿನಾ ಬೆಳಗ್ಗೆ ಹೋಗಿ ಬರತೊಡಗಿದೆ. ಗೇರನ್ನು ಎಲ್ಲಕ್ಕಿಂತ ಬಿಗಿಯಾದದ್ದಕ್ಕೆ ಹಾಕಿಕೊಳ್ಳುತ್ತಿದ್ದೆ. ಹಗುರ ಗೇರಿನಲ್ಲಿ ಕಾಲು ಗಿರಗಿರ ತಿರುಗುತ್ತದೆ, ಏನೋ ಸೋಮಾರಿ ಆಟದ ಹಾಗೆ. ಜೀವಮಾನವೆಲ್ಲ ಮೈಮುರಿದು ದುಡಿದವಳಿಗೆ ಬಲ ಬೀಳದೆ ಆಗುವ ಕೆಲಸ ಕೆಲಸವೇ ಅನ್ನಿಸುವುದಿಲ್ಲ. ಒನಕೆಯಲ್ಲಿ ಭತ್ತ ಕುಟ್ಟಿದ ಹಾಗೆ ಒಂದೊಂದು ಸಲಕ್ಕೂ ಎತ್ತಿ ಎತ್ತಿ ತುಳಿದೆ. ಸುಸ್ತಾಗುತ್ತಿತ್ತು. ಸುಸ್ತಾದರೆ ಬಲ ಬರುತ್ತಿದೆ ಅಂದುಕೊಂಡೆ.

ಬಲ ಬರಲಿಲ್ಲ. ಎಡಮಂಡಿ ಊದಿತು. ಕೆಟ್ಟದ್ದಲ್ಲ, ಚೆನ್ನಾಗಿದ್ದದ್ದು! ಬೇಲದ ಹಣ್ಣಿನಷ್ಟು ದಪ್ಪವಾಯಿತು. ಮಗ ನೋಡಿದ. ಅಂಗಳಕ್ಕೆ ಹೋಗಿ ಅಕ್ಕಿಹೆಬ್ಬಾಳಿನವನಿಗೆ ಫೋನ್ ಮಾಡಿದ. ನಾನು ಒಳಗೆ ಮಂಡಿಗೆ ಬಿಸಿನೀರಿನ ಬಟ್ಟೆ ಹಾಕಿಕೊಂಡು ಕೇಳಿಸಿಕೊಳ್ಳುತ್ತಿದ್ದೆ. ಅವತ್ತು ಹಸು ಹೋದರೆ ಹೋಗಲಿ, ಮಲಗಿಕೊಂಡರೆ ಸಾಕು ಅನ್ನಿಸಿದ್ದು ನಿಜ. ಅಷ್ಟು ದಣಿದಿದ್ದೆ.

ಊತ ಇಳಿದ ಮೇಲೆ ಮೊಮ್ಮಗಳು ರಜೆಯ ದಿನ ನನ್ನ ಹಿಂದೆಯೇ ಅವಳ ಸೈಕಲ್ಲಿನಲ್ಲಿ ಬಂದಳು. ಸ್ವಲ್ಪ ದೂರ ನೋಡಿದಳು. ಆಮೇಲೆ ಶಾಲೆಯ ಮಕ್ಕಳನ್ನು ಗದರುವ ಗಂಟಲು ತೆಗೆದಳು.

"ಇಳಿ ಅಜ್ಜಿ, ಇಳಿ! ಮಂಡಿ ಗದ್ದಕ್ಕೆ ಒಡೀತೈತೆ, ಅಷ್ಟು ತಗ್ಗಿಗೆ ಕೂತಿದ್ದೀಯ. ಯಾರ್ ಯೋಳ್ಕೊಟ್ರು ನಿಂಗೆ?"

"ಯಾರೂ ಇಲ್ಲ. ಕಾಲು ನೆಲಕ್ಕೆ ಸಿಕ್ದಿದ್ರೆ ಬೀಳ್ತೀನಲ್ಲಮ್ಮಿ."

"ಸೈಕಲ್ ನಿಲ್ಸೋವಾಗ ಸೀಟಿಂದ ಮುಂದಕ್ಕೆ ಇಳೀಬೇಕು. ಕೂತ್ಕೊಂಡಾಗ ಕಾಲು ಕೆಳಗೋದ್ರೆ ಮಂಡಿ ವಸಿ ಮಾತ್ರ ಬಗ್ಗಿರ್ಬೇಕು."

ಸೀಟು ಏರಿಸಿದಳು. ಪಾದದ ನಡುವಲ್ಲಿ ತುಳಿಯಬೇಡ, ಬೆರಳಿನ ಬುಡದಲ್ಲಿ ತುಳಿ ಅಂದಳು. ಗೇರನ್ನು ಹಗುರ ಮಾಡಿ ಹತ್ತಿಸಿದಳು. ಕಾಲು ಮತ್ತೆ ಸೋಮಾರಿಯ ಹಾಗೆ ತಿರುಗಿತು. ಆದರೂ ಏನೋ ಸರಿಯಿರಲಿಲ್ಲ, ಎಡಮಂಡಿ ಚುರ್ ಅನ್ನುತ್ತಲೇ ಇತ್ತು. ಅವಳು ಪಕ್ಕಕ್ಕೆ ಬಂದು ನನ್ನ ಕಾಲನ್ನೇ ನೋಡುತ್ತ ತುಳಿದಳು.

"ಈಗ ಗೊತ್ತಾಯ್ತು. ಎಡಗಾಲು ತುಳೀವಾಗ ಬಲಗಾಲು ಪೆಡಲ್ ಮೇಲೆ ಸುಮ್ಕೆ ಕೂತೈತೆ ಕಣಜ್ಜಿ. ಅದು ಮೇಲಕ್ಕೆ ಬರಬೇಕಲ್ಲ? ಅದ್ರ ಭಾರನೂ ಎಡಗಾಲೇ ಎತ್ತಬೇಕು."

ನಾನು ಬ್ರೇಕ್ ಹಿಡಿದುಬಿಟ್ಟೆ.

"ನಿನ್ ಚಿಕ್ಕಜ್ಜಿ!" ಅಂದೆ.

"ಏನು?"

"ಬೀಸೋ ಕಲ್ಲಲ್ಲಿ ನಿನ್ ಚಿಕ್ಕಜ್ಜಿ ಮಾಡ್ತಿದ್ದಿದ್ದು ಇದನ್ನೇ ಕಣಮ್ಮಿ!"

ಅವಳ ಚಿಕ್ಕಜ್ಜಿ ಎಂದರೆ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ನಾನು ನಾಗಮಂಗಲದ ಕಡೆ ದೇವಲಾಪುರದವಳು, ಮಳೆ ನಂಬಿದ ಬೆದ್ದಲು ಹೊಲದ ಮನೆಯಲ್ಲಿ ರಾಗಿ ಬೀಸಿಕೊಂಡು ಬೆಳೆದವಳು. ಅವಳು ಗಂಜಾಂನವಳು, ಹೊಳೆ ನೀರಿನ ಗದ್ದೆಯ ಅನ್ನ ಉಂಡವಳು. ಬೀಸೋ ಕಲ್ಲಿನ ಮುಂದೆ ಅವಳು ಕೂತದ್ದೇ ಮದುವೆಯಾದ ಮೇಲೆ. ನಮ್ಮ ಅತ್ತೆಗೆ ಮಿಲ್ಲಿನ ಹಿಟ್ಟು ಆಗುತ್ತಿರಲಿಲ್ಲ, ಬಿಸಿಯಾದ ಹಿಟ್ಟಿನ ಮುದ್ದೆ ರುಚಿ ಇಲ್ಲ ಅನ್ನುತ್ತಿದ್ದಳು. ಹಾಗಾಗಿ ಸೊಸೆಯರಿಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಕಲ್ಲು ತಿರುಗಿಸಬೇಕಿತ್ತು. ನಾನು ದೂಡಿ ಅವಳ ಕಡೆಗೆ ಕೊಡಬೇಕು, ಅವಳು ಅದನ್ನು ಸುತ್ತಿಸಿ ನನ್ನ ಕಡೆಗೆ ಕೊಡಬೇಕು. ಇಬ್ಬರೂ ಸರಿಯಾಗಿ ಕೊಟ್ಟು ತಗೊಂಡರೆ ಕಲ್ಲು ತಾನಾಗಿಯೇ ಓಡುತ್ತದೆ, ಕೈಗೆ ಭಾರವೇ ಗೊತ್ತಾಗುವುದಿಲ್ಲ. ಇವಳು ಗೂಟದ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಕೈ ತೆಗೆದಿದ್ದರೂ ಆಗುತ್ತಿತ್ತು, ಕಲ್ಲಿನ ಭಾರ ಒಂದೇ ನನ್ನದಾಗುತ್ತಿತ್ತು. ಕಲ್ಲಿನ ಜೊತೆ ಅವಳ ಕೈಯನ್ನೂ ನಾನೇ ಬೀಸಿದೆ.

ಅಂದಮೇಲೆ ನನ್ನ ಬಲಗಾಲಿಗೆ ಹೇಳಬೇಕಾದದ್ದು ಇಷ್ಟೇ: ನೀನು ದುಡಿಯದಿದ್ದರೆ ಬೇಡ, ಎಡಗಾಲಿನ ಮೇಲೆ ಭಾರ ಬಿಡಬೇಡ.

ಹೇಳುವುದು ಸುಲಭ. ಕಾಲು ಕೇಳುವುದಿಲ್ಲ. ಮೊಮ್ಮಗಳು ಇನ್ನೊಂದು ಹೇಳಿದಳು. ಕಾಲು ಕೆಳಗೆ ಹೋದಾಗ, ಸಗಣಿ ತುಳಿದ ಪಾದವನ್ನು ಹೊಸಿಲ ಮುಂದಿನ ಕಲ್ಲಿಗೆ ಒರೆಸುತ್ತೀಯಲ್ಲ, ಹಾಗೆ ಹಿಂದಕ್ಕೆ ಎಳೆ; ಆಮೇಲೆ ಮಂಡಿಯನ್ನು ತಾನಾಗಿ ಮೇಲೆ ಬರಲು ಬಿಡು. ಸಗಣಿ ಒರೆಸುವುದು ನನಗೆ ಗೊತ್ತಿದ್ದ ವಿದ್ಯೆ. ಅವಳ ರಜೆಯ ದಿನಗಳಲ್ಲೆಲ್ಲ ಅದನ್ನೇ ಮಾಡಿದೆ. ಸ್ವಲ್ಪ ದೂರ ಸರಿಯಾಗಿ ಬರುತ್ತಿತ್ತು, ಯೋಚನೆ ಬೇರೆ ಕಡೆ ಹೋದರೆ ಬಲಗಾಲು ಮತ್ತೆ ಕೂತುಬಿಡುತ್ತಿತ್ತು. ಸೊಂಟ ಅಲ್ಲಾಡಿಸಬೇಡ ಅಂತ ಹಿಂದಿನಿಂದ ಕೂಗುತ್ತಿದ್ದಳು. ಏರು ಬರುವ ಮುಂಚೆಯೇ ಗೇರು ಹಗುರ ಮಾಡಿಕೋ, ಏರಿನಲ್ಲಿ ಮಾಡಬೇಡ ಅಂತಲೂ ಕೂಗುತ್ತಿದ್ದಳು. ಮನೆಗೆ ಬಂದು ಚಾಪೆ ಕಂಡರೆ ಸಾಕಾಗುತ್ತಿತ್ತು. ಆದರೆ ನೋವು ಜಾಗ ಬದಲಾಯಿಸಿತ್ತು. ಮಂಡಿ ಸುಮ್ಮನಿತ್ತು, ತೊಡೆ ನೋಯುತ್ತಿತ್ತು. ಡಾಕ್ಟರು ಹೇಳಿದ್ದು ಅದನ್ನೇ.

ಕಟಾವು ಅರ್ಧವಾಗುವ ಹೊತ್ತಿಗೆ ಒಂದು ಭಾನುವಾರ ಮೊಮ್ಮಗಳ ಜೊತೆ ಗಂಜಾಂವರೆಗೂ ಹೋದೆ. ಕಿರಂಗೂರು ದಾಟಿ, ಹೊಳೆ ದಾಟಿ, ನಡುವೆ ಎರಡು ಕಡೆ ಕೂತು. ಕಬ್ಬಿನ ಲಾರಿಗಳು ಪಕ್ಕದಲ್ಲೇ ಹೋಗುತ್ತಿದ್ದವು, ಮೈಯೆಲ್ಲ ಧೂಳು. ವಾರಗಿತ್ತಿ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಇದ್ಯಾವ ವೇಸ ಕಣಕ್ಕ? ಕಚ್ಚೆ ಬೇರೆ!"

"ನಿನ್ನಿಂದಾನೇ ಕಣೆ," ಅಂತ ಗೂಟದ ಮೇಲಿನ ಅವಳ ಕೈಯ ಕಥೆಯನ್ನೆಲ್ಲ ಹೇಳಿದೆ.

"ಅಂಗಾದ್ರೆ ನಾನೇ ನಿನ್ ಗುರು. ಬೀಳು ಕಾಲಿಗೆ."

"ಬಿದ್ರೆ ಏಳಕ್ಕಾಗಲ್ಲ ಕಣೆ. ಅದ್ಕೇ ತಾನೆ ಈ ಸೈಕಲ್ಲು."

ಮೊಮ್ಮಗಳು ನೀರು ಕುಡಿಯುತ್ತಿದ್ದವಳು ನೆತ್ತಿಗೆ ಹತ್ತಿಸಿಕೊಂಡಳು. ವಾರಗಿತ್ತಿ ನಕ್ಕು, ಆಮೇಲೆ ಅವರೆಕಾಯಿ ನೋಡಿಕೊಂಡು ಹೇಳಿದಳು. "ನಂಗೆ ಆಗ ಭುಜ ಕಿತ್ಕೊಂಡ್ ಬತ್ತಿತ್ತು ಕಣಕ್ಕ. ಕೈ ತೆಗುದ್ರೆ ಅತ್ತೆ ಕಂಡ್ಬುಡ್ತಾಳೆ ಅಂತ ಅಲ್ಲೇ ಮಡಗಿರ್ತಿದ್ದೆ."

"ಈಗ ಯೋಳ್ತಿದ್ದೀಯಲ್ಲ!"

"ಈಗ ಕೇಳ್ದೆ, ಯೋಳ್ದೆ."

ನನ್ನ ಬಲಗಾಲೂ ನೋವಿಗೇ ಹಾಗೆ ಕೂರುತ್ತಿತ್ತು. ಅದಕ್ಕೇನೂ ಮಾಡುವ ಹಾಗಿಲ್ಲ. ಅವರೆಕಾಳಿನ ಸಾರು ಉಂಡು, ಬಿಸಿಲಲ್ಲಿ ವಾಪಸು ತುಳಿದೆವು.

ಕಟಾವು ಮುಗಿಯಿತು. ಅಕ್ಕಿಹೆಬ್ಬಾಳಿನವನು ಒಂದು ಸಂಜೆ ಹಾಲು ಕರೆಯುವ ಹೊತ್ತಿಗೇ ಬಂದ. ಹಸುವಿನ ಸುತ್ತ ಒಂದು ಸುತ್ತು ಹಾಕಿದ, ಬೆನ್ನು ಸವರಲು ಹೋಗಿ ಬಾಲದಲ್ಲಿ ಏಟು ತಿಂದ. ಮಗ ಕೈಕಟ್ಟಿ ನಿಂತಿದ್ದ. ಸೊಸೆ ಬಾಗಿಲಲ್ಲಿ ನಿಂತಿದ್ದಳು. ನಾನು ಪಾತ್ರೆ ತಗೊಂಡು ಕೂತೆ. ಕೂರುವಾಗಲೇ ಬಲಮಂಡಿ ಲಟಕ್ ಅಂದಿತು. ಎಲ್ಲರಿಗೂ ಕೇಳಿಸಿತು. ಹಾಲು ಕರೆದೆ. ನೊರೆ ಮೇಲೆ ಬಂತು. ಪಾತ್ರೆಯನ್ನು ಪಕ್ಕಕ್ಕಿಟ್ಟೆ. ಒಂದು ಕೈ ನನ್ನ ತೊಡೆಯ ಮೇಲೆಯೇ ಊರಿ, ಎರಡು ಕಾಲಿಗೂ ಭಾರ ಸಮನಾಗಿ ಕೊಟ್ಟು ಎದ್ದೆ. ಬೇಗ ಏಳಲಿಲ್ಲ. ತೊಡೆ ಗಡಗಡ ನಡುಗಿತು. ಆದರೆ ಎದ್ದೆ.

ಅಕ್ಕಿಹೆಬ್ಬಾಳಿನವನು ಮಗನ ಮುಖ ನೋಡಿದ. ಮಗ, "ಕಾಪಿ ಕುಡ್ಕೊಂಡ್ ಓಗಣ್ಣ," ಅಂದ. ಅದೇ ಹಾಲಿನ ಕಾಪಿ ಕುಡಿದು ಹೋದ.

ಆಮೇಲೆ ಮಗ ಹಗ್ಗ ಸರಿಮಾಡುತ್ತ ಅಂದ: "ಆಯ್ತು ಬುಡು, ಇರ್ಲಿ. ಆದ್ರೆ ಸಗಣಿ ಗಂಜಲ ಎಲ್ಲಾ ನಿಂದೇ ಕಣವ್ವ."

"ಇಷ್ಟು ದಿನ ಏನು ನಿಂದಾ?"

ಗೆದ್ದದ್ದಕ್ಕೆ ನನಗೆ ಸಿಕ್ಕಿದ್ದು ಅದೇ ಹಳೆಯ ಕೆಲಸ. ಜೊತೆಗೆ ಇನ್ನೊಂದು ಸೇರಿಕೊಂಡಿದೆ: ಸೈಕಲ್ ಬಿಟ್ಟರೆ ತೊಡೆ ಕರಗುತ್ತದೆ, ಮಂಡಿ ಮತ್ತೆ ಹಳೆಯದೇ ಆಗುತ್ತದೆ. ಆದ್ದರಿಂದ ಹಾಲು ಕರೆದು, ಕೊಟ್ಟಿಗೆ ಬಾಚಿ, ಕಚ್ಚೆ ಕಟ್ಟಿ ನಾಲೆ ಏರಿಯ ಮೇಲೆ ಹೋಗುತ್ತೇನೆ. ಇಷ್ಟವಿದ್ದು ಹೋಗುವುದಲ್ಲ. ಬಲಗಾಲು ಈಗಲೂ ಆಗಾಗ ಭಾರ ಬಿಟ್ಟು ಕೂರುತ್ತದೆ. ಆಗ ಗಂಜಾಂನವಳನ್ನು ಒಂದು ಮಾತು ಬೈದು ಅದನ್ನು ಎತ್ತುತ್ತೇನೆ.