ಸಮುದ್ರದ ಅತಿಥಿಗೆ ತುಂಗಭದ್ರೆಯ ನೀರು

ಹೊಸಪೇಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತ ನನ್ನ ಕೂದಲು ನರೆತಿದೆ. ಆಕ್ಟೋಪಸ್‌ನ ರಕ್ತನಾಳಗಳು ಬರೀ ಕೊಳವೆಗಳಲ್ಲ, ತಾವೇ ಹಿಂಡಿಕೊಂಡು ರಕ್ತ ದೂಡುತ್ತವೆ, ಯಾವಾಗ ಬಿಗಿಯಬೇಕು, ಯಾವಾಗ ಬಿಡಬೇಕೆಂದು ನರಗಳು ಹೇಳುತ್ತವೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತ ಬಂದೆ. ಕಣ್ಣಾರೆ ಕಂಡದ್ದು ಮಾತ್ರ ಫಾರ್ಮಲಿನ್ ಬಾಟಲಿಯಲ್ಲಿ ಬಿಳಿಚಿಕೊಂಡ ಒಂದು ಹೆಣ. ನಿವೃತ್ತಿಗೆ ಮೊದಲು ಆ ನಾಳ ಹಿಂಡುವುದನ್ನು ಒಮ್ಮೆ ನೋಡಲೇಬೇಕೆಂಬ ಹಟ ನನಗಿತ್ತು.

ಕಾರವಾರದ ಪ್ರಯೋಗಾಲಯವೊಂದರಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿನಿ, ಇಲ್ಲೇ ಹತ್ತಿರದ ಬುಕ್ಕಸಾಗರದ ಹುಡುಗಿ, ಇದನ್ನು ಮರೆತಿರಲಿಲ್ಲ. ಊರಿಗೆ ಬರುವಾಗ ಮುಷ್ಟಿಯಷ್ಟು ಆಕ್ಟೋಪಸ್ ಮರಿಯನ್ನು ಸಮುದ್ರದ ನೀರಿನ ಕ್ಯಾನಿನಲ್ಲಿಟ್ಟು, ಬಸ್ಸಿನ ದಾರಿಯುದ್ದಕ್ಕೂ ತೊಡೆಯ ಮೇಲೆ ಹೊತ್ತು ನಮ್ಮ ಕಾಲೇಜಿನ ಲ್ಯಾಬಿಗೆ ತಂದಳು.

“ಚರ್ಮ ತೆಳುವೈತ್ರಿ ಮೇಡಂ. ಬೆಳಕಿಗೆ ಹಿಡಿದ್ರ ಒಳಗಿನ ನಾಳ ಕಾಣ್ತಾವ. ನಾಳೆ ವಾಪಸ್ ಒಯ್ಬೇಕು, ಜೀವಂತ ತರ್ತೀನಂತ ಬರ್ದು ಕೊಟ್ಟೀನಿ.”

ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಬಾ ಎಂದು ಅವಳನ್ನು ಕಳಿಸಿದೆ. ಕ್ಯಾನಿನ ನೀರು ಮಸುಕಾಗಿತ್ತು. ನಮ್ಮ ಕಡೆ ದೂರದಿಂದ ಬಂದವರಿಗೆ ಮಾತಿಗಿಂತ ಮೊದಲು ನೀರು ಕೊಡುತ್ತೇವೆ. ಕೈ ತಾನಾಗಿ ಚೊಂಬಿಗೆ ಹೋಯಿತು. ಅರ್ಧ ನೀರು ಚೆಲ್ಲಿ, ಫಿಲ್ಟರಿನಿಂದ ಶುದ್ಧ ತುಂಗಭದ್ರೆಯ ನೀರು ತುಂಬಿದೆ. ಪಾಪ, ದಣಿದು ಬಂದಿದೆ ಎಂದುಕೊಂಡೆ ಬೇರೆ.

ಅವಳು ಬರುವಷ್ಟರಲ್ಲಿ ಅದು ಬೆಳ್ಳಗಾಗಿ, ಕಾಲುಗಳನ್ನೆಲ್ಲ ಸಡಿಲ ಬಿಟ್ಟಿತ್ತು. ಅವಳು ಬೆರಳದ್ದಿ ನೀರಿನ ರುಚಿ ನೋಡಿದಳು.

“ಸಮುದ್ರದ ಪ್ರಾಣಿ ಸಿಹಿನೀರಾಗ ಬದುಕಂಗಿಲ್ಲಂತ ನೀವ ಕಲ್ಸಿದ್ರಲ್ರಿ,” ಎಂದಳು ಮೆಲ್ಲಗೆ. ಬೈದಿದ್ದರೆ ವಾಸಿಯಿತ್ತು. ನನ್ನ ವಿದ್ಯೆ ಪುಸ್ತಕದ ಬದನೆಕಾಯಿ.

“ಇನ್ನ ಉಳಿಯಂಗಿಲ್ರಿ. ಜಲ್ದಿ ನೋಡ್ರಿ.”

ಕಣ್ಣುಗಳ ನಡುವಿನ ಮಿದುಳನ್ನು ಮೊದಲು ಕತ್ತರಿಸಿ ಅದರ ಸಂಕಟ ಮುಗಿಸಿದಳು. ಆಮೇಲೆ ಹೊಟ್ಟೆ ತೆರೆದಳು. ದೊಡ್ಡ ನಾಳ ಇನ್ನೂ ಬಿಗಿದು, ಸಡಿಲಾಗಿ, ಮತ್ತೆ ಬಿಗಿಯುತ್ತಿತ್ತು. ಪಕ್ಕದ ನರವನ್ನು ಚಿಮಟದಿಂದ ಒತ್ತಿದಾಗ ನಿಂತಿತು. ಬಿಟ್ಟ ಸ್ವಲ್ಪ ಹೊತ್ತಿಗೆ ಪುನಃ ಶುರುವಾಯಿತು. ನಾನು ಬೋರ್ಡಿನ ಮೇಲೆ ಬರೆದದ್ದೆಲ್ಲ ನಿಜವಾಗಿತ್ತು. ಸಂತೋಷವಾಯಿತು, ಸಂತೋಷವಾಯಿತಲ್ಲ ಎಂದು ನಾಚಿಕೆಯೂ ಆಯಿತು. ತಪ್ಪು ನನ್ನದೆಂದು ಅವಳ ಪ್ರಯೋಗಾಲಯಕ್ಕೆ ಪತ್ರ ಬರೆದುಕೊಟ್ಟೆ.

ಈ ವರ್ಷ ಅದೇ ಪಾಠ ಹೇಳುವಾಗ ವಡ್ಡು ಎಂಬ ಹಳ್ಳಿಯಿಂದ ಬರುವ ಹುಡುಗಿಯೊಬ್ಬಳು ಕೇಳಿದಳು: “ನೀವು ಕಣ್ಣಿಲೆ ನೋಡೀರೇನ್ರಿ ಮೇಡಂ?”

“ನೋಡೀನವ್ವ,” ಎಂದೆ. “ಕುಡಿಯಾಕ ನೀರು ಕೊಟ್ಟು, ಕೊಂದು ನೋಡೀನಿ.”