ಇನ್ನೇನಿದೆ ಸಾಹೇಬರು
ಹೊಸ ರಸ್ತೆಗಾಗಿ ಕೆಡವುವ ಮನೆಗಳಿಗೆ ಪರಿಹಾರ ಗೊತ್ತುಮಾಡುವ ಅಧಿಕಾರಿ ಟೇಪು ಹಿಡಿದು ಹೊಸ್ತಿಲು ದಾಟಿದರೆ ಸಾಕು, "ಇನ್ನೇನಿದೆ? ನೆನಪು ಮಾಡ್ಕೊಳ್ಳಿ" ಎಂದು ಶುರುಮಾಡುತ್ತಿದ್ದರು, ಅದಕ್ಕೇ "ಇನ್ನೇನಿದೆ ಸಾಹೇಬರು" ಎಂದು ಹೆಸರು ಬಿದ್ದಿತ್ತು. ದರ್ಜಿಯಮ್ಮನ ಮನೆಯಲ್ಲೂ ಬಟ್ಟೆ ಒಗೆಯುವ ಕಲ್ಲು, ನಿಂಬೆಗಿಡ, ಕೋಳಿಗೂಡು ಒಂದನ್ನೂ ಬಿಡದೆ ಬರೆದುಕೊಂಡರು. "ಬಿಟ್ರೆ ಗೋಡೆ ಮೇಲಿನ ಹಲ್ಲಿಗೂ ಪರಿಹಾರ ಕೊಡಿಸ್ತಾರೆ" ಎಂದು ಆಕೆ ನಕ್ಕಿದ್ದಳು. ಸಾಹೇಬರು ಹಿತ್ತಲ ಬಾವಿಯ ನೀರು ಕುಡಿದು ನೋಡಿ, ರುಚಿಗೆ ಕಾಸು ಹುಟ್ಟುವುದಿಲ್ಲವೆಂದು ಗೊತ್ತಿದ್ದೂ, ಪಟ್ಟಿಯ ಅಂಚಿನಲ್ಲಿ "ನೀರು ಸಿಹಿ" ಎಂದು ಸೇರಿಸಿದ್ದರು. ಮನೆ ಬಿದ್ದು ರಸ್ತೆಯಾದ ಮೇಲೆ ಆಕೆ ಕಚೇರಿಗೆ ಬಂದಳು. "ದುಡ್ಡು ಪೂರ್ತಿ ಬಂತಲ್ಲಮ್ಮಾ, ಇನ್ನೇನಿದೆ?" ಎಂದರು ಸಾಹೇಬರು. "ಬಂತು, ನಿಮ್ಮ ಹೊಟ್ಟೆ ತಣ್ಣಗಿರಲಿ. ಆ ಪಟ್ಟಿದೊಂದು ನಕಲು ಕೊಡಿ. ನನ್ನ ಮನೆ ಈಗಿರೋದು ಅದ್ರಲ್ಲೇ."